ಬೆರಳಿಗೊಂದು ದಾರಿ, ಕೊರಳಿಗೊಂದು ದಾರಿ

1964ನೆಯ ಇಸವಿ ಫೆಬ್ರವರಿ 9ರ ರಾತ್ರಿ ಅಮೆರಿಕದ ಮನೆಮನೆಗಳಲ್ಲಿ ಜನ ಟೆಲಿವಿಷನ್ ಪೆಟ್ಟಿಗೆಯ ಮುಂದೆ ನೆರೆದಿದ್ದರು. ಎಡ್ ಸಲಿವನ್ನರ ಕಾರ್ಯಕ್ರಮದಲ್ಲಿ ಅಂದು ಇಂಗ್ಲೆಂಡಿನ ಲಿವರ್‌ಪೂಲ್ ನಗರದ ನಾಲ್ವರು ತರುಣರು ಹಾಡಲಿದ್ದರು. ಅವರ ಮೇಳದ ಹೆಸರು ಬೀಟಲ್ಸ್. ನೋಡಿದವರ ಸಂಖ್ಯೆ ಸುಮಾರು 7 ಕೋಟಿ 30 ಲಕ್ಷವೆಂದು ಅಂದಾಜು. ಮೊದಲನೆಯ ಹಾಡು ‘ಆಲ್ ಮೈ ಲವಿಂಗ್’. ಹಾಡಿದವರು ಪಾಲ್ ಮೆಕಾರ್ಟ್ನಿ. ಆ ತರುಣನ ಮುಖವನ್ನೂ ತಲೆಗೂದಲನ್ನೂ ಕಂಡು ಹುಡುಗಿಯರು ಚೀರಿದರು. ಆದರೆ ಆತನ ಕೈಗಳ ಕಡೆ ಕಣ್ಣು ಹಾಯಿಸಿದವರು ಎಷ್ಟು ಮಂದಿ? ಕೊರಳು ಒಂದು ದಾರಿಯಲ್ಲಿ ನಡೆದಿತ್ತು, ಬೆರಳು ಬೇರೊಂದು ದಾರಿಯಲ್ಲಿ. ಎರಡೂ ತಪ್ಪದೆ ಒಂದೇ ಊರನ್ನು ಸೇರುತ್ತಿದ್ದವು.

ಅವರ ಕೈಯಲ್ಲಿದ್ದುದು ಬೇಸ್ ಗಿಟಾರ್. ಇದು ಸಾಮಾನ್ಯ ಗಿಟಾರಿನ ಹಿರಿಯಣ್ಣನೆನ್ನಬಹುದು. ಕತ್ತು ಉದ್ದ, ತಂತಿಗಳು ದಪ್ಪ. ಗಿಟಾರಿಗೆ ಆರು ತಂತಿಗಳಾದರೆ ಇದಕ್ಕೆ ಸಾಮಾನ್ಯವಾಗಿ ನಾಲ್ಕೇ. ಶ್ರುತಿ ಗಿಟಾರಿಗಿಂತ ಒಂದು ಸ್ಥಾಯಿ ಕೆಳಗೆ. ಅತಿ ಮಂದ್ರದ ತಂತಿಯನ್ನು ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ; ಆ ನಾದ ಕೇಳುವವರ ಎದೆಗೂಡನ್ನೇ ತಾಕುತ್ತದೆ.

ಹಿಂದೆ ಈ ಮಂದ್ರಸ್ವರದ ಹೊಣೆ ಹೊತ್ತಿದ್ದುದು ಡಬಲ್ ಬೇಸ್ ಎಂಬ ಆಳೆತ್ತರದ ವಾದ್ಯ. ಪಿಟೀಲಿನಂತೆ ಅದಕ್ಕೂ ಮೆಟ್ಟುಗಳಿಲ್ಲ; ಬೆರಳು ತುಸು ಸರಿದರೂ ಶ್ರುತಿ ಕೆಟ್ಟಿತು. 1951ರಲ್ಲಿ ಕ್ಯಾಲಿಫೋರ್ನಿಯದ ಲಿಯೋ ಫೆಂಡರ್ ಎಂಬವರು, ನಮ್ಮ ವೀಣೆಗಿರುವಂತೆ ಮೆಟ್ಟುಗಳುಳ್ಳ, ಹೆಗಲಿಗೆ ತೂಗುಹಾಕಿಕೊಳ್ಳಬಹುದಾದ ವಿದ್ಯುತ್ ಬೇಸನ್ನು ಮಾರುಕಟ್ಟೆಗೆ ತಂದರು. ಸ್ವರವನ್ನು ಹುಡುಕುವ ಶ್ರಮ ತಗ್ಗಿತು. ಕಿವಿಗೆ ಕೊರಳಿನ ಕಡೆ ಗಮನವೀಯಲು ಬಿಡುವು ದೊರೆಯಿತು. ನುಡಿಸುವವನು ಹಿಂದಿನ ಸಾಲಿನಿಂದ ಮೈಕಿನ ಮುಂದೆ ಬರಲು ಹೀಗೊಂದು ದಾರಿಯಾಯಿತು.

ಮೆಕಾರ್ಟ್ನಿ ಈ ವಾದ್ಯವನ್ನು ತಾವಾಗಿ ಬಯಸಿ ಹಿಡಿದವರಲ್ಲ. 1961ರಲ್ಲಿ ಮೇಳವು ಜರ್ಮನಿಯ ಹ್ಯಾಂಬರ್ಗಿನಲ್ಲಿದ್ದಾಗ, ಬೇಸ್ ನುಡಿಸುತ್ತಿದ್ದ ಸ್ಟುವರ್ಟ್ ಸಟ್‌ಕ್ಲಿಫ್ ಚಿತ್ರಕಲೆಗಾಗಿ ಅದನ್ನು ಬಿಟ್ಟರು. ಯಾರಿಗೂ ಬೇಡವಾದ ಹೊರೆ ಕಡೆಗೆ ಪಾಲರ ಪಾಲಿಗೆ ಬಂದಿತು! ಅವರು ಅಲ್ಲಿಯೇ ಸುಮಾರು 30 ಪೌಂಡು ಕೊಟ್ಟು ಪಿಟೀಲಿನ ಆಕಾರದ ಹೋಫ್ನರ್ ಬೇಸೊಂದನ್ನು ಕೊಂಡರು. ಅವರು ಎಡಗೈಯವರು, ಎರಡು ಪಕ್ಕವೂ ಸಮನಾಗಿದ್ದ ಆ ಆಕಾರ ಅವರಿಗೆ ಒಪ್ಪಿತು. 1972ರಲ್ಲಿ ಕಳುವಾದ ಆ ವಾದ್ಯ ಅರ್ಧ ಶತಮಾನದ ಮೇಲೆ ಮತ್ತೆ ಒಡೆಯನ ಕೈಸೇರಿದ ಸುದ್ದಿ 2024ರಲ್ಲಿ ಹೊರಬಿದ್ದಿತು.

ಕಷ್ಟವೆಲ್ಲಿದೆ?

ಗಿಟಾರ್ ನುಡಿಸುತ್ತ ಹಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ಬೇಸ್ ನುಡಿಸುತ್ತ ಹಾಡುವವರು ವಿರಳ. ಕಾರಣವಿಷ್ಟೆ: ಗಿಟಾರಿನವನ ಕೈ ಗಡಿಯಾರದ ಲೋಲಕದಂತೆ ಒಂದೇ ಸಮನೆ ಮೇಲೆ ಕೆಳಗೆ ಆಡುತ್ತದೆ. ಹಲವು ಸ್ವರಗಳು ಕೂಡಿ ಹೊರಡುವ ಆ ನಾದ ಹಾಡಿಗೆ ಹಾಸಿದ ಜಮಖಾನೆಯಂತೆ. ಬೇಸಿನವನದು ಹಾಗಲ್ಲ. ಅವನು ಒಮ್ಮೆಗೆ ಒಂದೇ ಸ್ವರವನ್ನು ಮೀಟುತ್ತ ಹಾಡಿನ ಕೆಳಗೆ ಮತ್ತೊಂದು ಹಾಡನ್ನೇ ಕಟ್ಟುತ್ತಾನೆ. ಆ ಕೆಳಗಿನ ಹಾಡಿಗೆ ಡ್ರಮ್ಮಿನ ಪೆಟ್ಟಿನೊಡನೆ ಗಂಟು. ಮೇಲಿನ ಹಾಡಿಗೆ ಮಾತಿನ ಒತ್ತಿನೊಡನೆ ಗಂಟು. ಮಾತು ಪೆಟ್ಟಿಗಿಂತ ಮುಂದಾಗಿಯೋ ತಡವಾಗಿಯೋ ಬಿದ್ದಾಗ ಬೆರಳು ಮಾತಿನ ಹಿಂದೆ ಓಡಲು ಹವಣಿಸುತ್ತದೆ. ಅದು ಓಡಿತೋ, ಇಡೀ ಮೇಳದ ಕಾಲ ಕೆಳಗಿನ ನೆಲವೇ ಸರಿದಂತೆ.

ಈ ತೊಡಕು ನಮ್ಮ ಮನೆಗಳಿಗೆ ಹೊಸದಲ್ಲ. ಸಂಗೀತದ ಪಾಠಕ್ಕೆ ಕುಳಿತ ಮಗುವನ್ನು ನೋಡಿ. ಅಲಂಕಾರವನ್ನು ಹಾಡುತ್ತ ತೊಡೆಯ ಮೇಲೆ ತಾಳ ಹಾಕಲು ಹೇಳಿದರೆ, ಮೊದಮೊದಲು ಅದು ಪ್ರತಿಯೊಂದು ಸ್ವರಕ್ಕೂ ಒಂದೊಂದು ಪೆಟ್ಟು ಹಾಕುತ್ತದೆ. ಎರಡನೆಯ ಕಾಲಕ್ಕೆ ಏರಿದೊಡನೆ ಕೈಯೂ ಓಡುತ್ತದೆ! ಕೆಲವು ತಿಂಗಳು ಕಳೆದ ಮೇಲೆ ಕೈ ತನ್ನ ಪಾಡಿಗೆ ತಾನು ನಡೆಯುತ್ತದೆ. ಪೆಟ್ಟಿನ ಮೇಲೆ ಬೀಳದೆ ಅರ್ಧ ಅಕ್ಷರ ಬಿಟ್ಟು ಎತ್ತಿಕೊಳ್ಳುವ ಕೀರ್ತನೆಯೂ ಮಗುವಿಗೆ ಸಲೀಸಾಗುತ್ತದೆ. ಲಿವರ್‌ಪೂಲಿನ ತರುಣನು ಕಲಿತ ವಿದ್ಯೆಯೂ ಮೂಲದಲ್ಲಿ ಇದೇ.

ಕಲಿಯುವ ಬಗೆ

ಮನಸ್ಸು ಏಕಕಾಲದಲ್ಲಿ ಎರಡು ಹೊಸ ಕೆಲಸಗಳ ಮೇಲೆ ನಿಗಾ ಇಡಲಾರದು. ಆದರೆ ರೂಢಿಯಾದ ಒಂದು ಕೆಲಸದ ಮೇಲೆ ಹೊಸದೊಂದನ್ನು ಹೊರಬಲ್ಲುದು. ಆದುದರಿಂದ ಮೊದಲು ಕೈಗೆ ಪಾಠ. ಬೇಸಿನ ಭಾಗವನ್ನು ಬೇರೆಯವರೊಡನೆ ಮಾತನಾಡುತ್ತಲೂ ತಪ್ಪದೆ ನುಡಿಸುವಷ್ಟು ರೂಢಿ ಮಾಡಿಕೊಳ್ಳಬೇಕು. ವಾದ್ಯವನ್ನು ಕೆಳಗಿಟ್ಟು, ಕಾಲಿನಿಂದ ತಾಳ ಹಾಕುತ್ತ ಹಾಡನ್ನೂ ಅಷ್ಟೇ ಗಟ್ಟಿ ಮಾಡಬೇಕು.

ಎರಡನ್ನೂ ಕೂಡಿಸುವಾಗ ಇಡೀ ಹಾಡಿಗೆ ಕೈಹಾಕಬಾರದು. ಒಂದೇ ಸಾಲನ್ನು ತೆಗೆದುಕೊಂಡು, ಯಾವ ಅಕ್ಷರ ಯಾವ ಪೆಟ್ಟಿನ ಮೇಲೆ ಬೀಳುತ್ತದೆ, ಯಾವುದು ಎರಡು ಪೆಟ್ಟುಗಳ ನಡುವೆ ಜಾರುತ್ತದೆ ಎಂದು ಕಾಗದದ ಮೇಲೆ ಗುರುತು ಹಾಕಬೇಕು. ವೇಗವನ್ನು ಅರ್ಧಕ್ಕಿಳಿಸಿ, ಮೊದಲು ರಾಗವಿಲ್ಲದೆ ಮಾತನ್ನಷ್ಟೇ ನುಡಿಯುತ್ತ ಬಾರಿಸಬೇಕು. ಅದು ಹೊಂದಿದ ಮೇಲೆ ರಾಗ, ಕಡೆಗೆ ವೇಗ. ತಪ್ಪಿದ ಕಡೆ ನಿಂತು, ಆ ಎರಡು ಪೆಟ್ಟುಗಳನ್ನೇ ತಿರುತಿರುಗಿ ಮಾಡುವುದು ಮೇಲು.

ಹಾಡಿನ ಆಯ್ಕೆಯಲ್ಲಿಯೂ ವಿವೇಕ ಬೇಕು. ‘ಆಲ್ ಮೈ ಲವಿಂಗ್’ ಹಾಡಿನ ಪಲ್ಲವಿಯ ಮುಂಚಿನ ಸಾಲುಗಳಲ್ಲಿ ಬೇಸು ಪೆಟ್ಟಿಗೊಂದು ಸ್ವರದಂತೆ, ದಾರಿಗನ ಹೆಜ್ಜೆಯ ಹಾಗೆ ಸಮನಾಗಿ ನಡೆಯುತ್ತದೆ. ವೇಗ ಹೆಚ್ಚಾದರೂ ಹೆಜ್ಜೆ ಸಮವಾಗಿರುವುದರಿಂದ ಕೊರಳಿಗೆ ಊರುಗೋಲು ದೊರೆಯುತ್ತದೆ. ಮುಂದೆ 1967ರ ‘ಸಾರ್ಜೆಂಟ್ ಪೆಪ್ಪರ್’ ಧ್ವನಿಮುದ್ರಿಕೆಯ ಕಾಲಕ್ಕೆ ಮೆಕಾರ್ಟ್ನಿ ಅನೇಕ ಹಾಡುಗಳ ಬೇಸನ್ನು ಉಳಿದುದೆಲ್ಲ ಮುಗಿದ ಮೇಲೆ ಪ್ರತ್ಯೇಕವಾಗಿ ನುಡಿಸಿ ಸೇರಿಸಿದರು. ಅಂತಹ ಹಾಡನ್ನು ಕೇಳಿ, ಇದು ನನ್ನಿಂದಾಗದೆಂದು ವಾದ್ಯವನ್ನು ಮೂಲೆಗಿಡುವ ಹುಡುಗನಿಗೆ ಈ ಸಂಗತಿ ತಿಳಿದಿರಬೇಕು.

ದಾರಿ ಒಂದೇ ಅಲ್ಲ. 1977ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ‘ಪೊಲೀಸ್’ ಮೇಳದ ಸ್ಟಿಂಗ್, ಜಮೈಕಾದ ರೆಗೆ ಸಂಗೀತದಿಂದ ಬೇಸಿಗೆ ಮೌನವನ್ನು ಬೆರೆಸುವುದನ್ನು ತಂದರು. ಬೆರಳು ಸುಮ್ಮನಿರುವ ಎಡೆಯಲ್ಲಿ ಕೊರಳು ಎದ್ದು ನಿಲ್ಲುತ್ತದೆ. ಡೆಟ್ರಾಯಿಟಿನ ಸೂಜಿ ಕ್ವಾಟ್ರೊ 1973ರಲ್ಲಿ ಬೇಸ್ ಹಿಡಿದು ಹಾಡಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿ, ಈ ವಾದ್ಯ ಗಂಡಸರ ಸೊತ್ತಲ್ಲವೆಂದು ತೋರಿದರು. ಇನ್ನು ಎಸ್ಪೆರಾನ್ಜಾ ಸ್ಪಾಲ್ಡಿಂಗ್ ಎಂಬ ಜಾಜ್ ಕಲಾವಿದೆ ಮೆಟ್ಟುಗಳಿಲ್ಲದ ಆ ಆಳೆತ್ತರದ ಡಬಲ್ ಬೇಸನ್ನೇ ತಬ್ಬಿ ನುಡಿಸುತ್ತ ಹಾಡುವವರು. 2011ರಲ್ಲಿ ಅವರಿಗೆ ಉದಯೋನ್ಮುಖ ಕಲಾವಿದರಿಗೆ ಮೀಸಲಾದ ಗ್ರ್ಯಾಮಿ ಪ್ರಶಸ್ತಿ ದೊರೆಯಿತು. ಜಾಜ್ ಕ್ಷೇತ್ರದವರಿಗೆ ಆ ಪ್ರಶಸ್ತಿ ಸಂದುದು ಅದೇ ಮೊದಲು.

ಮೇಳದಲ್ಲಿ ಭಾರ ಹೊರುವವನು ಒಬ್ಬ, ಮಾತನಾಡುವವನು ಇನ್ನೊಬ್ಬ ಎಂಬುದು ಸಾಮಾನ್ಯ ಪದ್ಧತಿ. ಎರಡನ್ನೂ ಒಬ್ಬರೇ ವಹಿಸಬಹುದೆಂದು ಇವರೆಲ್ಲ ತೋರಿಸಿಕೊಟ್ಟಿದ್ದಾರೆ. ಮೊದಲ ವಾರದ ಗೊಂದಲವನ್ನು ಕಂಡು ನಮ್ಮ ಮಕ್ಕಳು “ನನಗೆ ಸಂಗೀತ ಒಲಿಯದು” ಎಂದು ತೀರ್ಮಾನಿಸಿಕೊಂಡರೆ ಹಿರಿಯರು ಅದಕ್ಕೆ ತಲೆಯಾಡಿಸಬಾರದು. ಕೈಗೆ ಒಂದಿಷ್ಟು ಕಾಲ ಬೇಕು, ಅಷ್ಟೆ. ಹಾಡುತ್ತ ಹಾಡುತ್ತ ರಾಗವೆಂದು ಹಿರಿಯರೇ ಹೇಳಿಲ್ಲವೆ? ನುಡಿಸುತ್ತ ಹಾಡುವವರಿಗಂತೂ ಆ ಗಾದೆ ಎರಡು ಪಾಲು ಸತ್ಯ.