ಬೆರಳು ಕದಲದೆ ಓಡುವ ಕರ್ಸರ್

ನಂಜನಗೂಡು, ತಿ. ನರಸೀಪುರದಂಥ ಊರುಗಳಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿ ಜೂನಿಯರ್, ಸೀನಿಯರ್ ಪಾಸು ಮಾಡಿದವರಿಗೆ ‘ಹೋಮ್ ಕೀ’ ಎಂದರೇನು ಎಂದು ಹೇಳಿಕೊಡಬೇಕಿಲ್ಲ. ಕಣ್ಣು ಕಾಗದದ ಮೇಲೆ, ಬೆರಳು ನಡುಸಾಲಿನ ಮೇಲೆ. ಅವರ ಮಕ್ಕಳು ಈಗ ಮೈಸೂರು, ಬೆಂಗಳೂರಿನಲ್ಲಿ ಕೋಡ್ ಬರೆಯುತ್ತಾರೆ. ಅವರಲ್ಲಿ ಕೆಲವರು ಮೌಸ್ ಮುಟ್ಟದೆ ಸಾವಿರಾರು ಸಾಲುಗಳ ನಡುವೆ ಓಡಾಡುವುದು ವಿಮ್ ಎಂಬ ಎಡಿಟರ್‌ನಲ್ಲಿ. ಅಲ್ಲೂ ನಡೆಯುವುದು ನಡುಸಾಲಿನದೇ ಶಿಸ್ತು.

ವಿಮ್‌ಗೆ ಮೂಲವಾದ ‘ವಿಐ’ ಹುಟ್ಟಿದ್ದು 1976ರಲ್ಲಿ, ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ. ಬರೆದವರು ಆಗಿನ್ನೂ ವಿದ್ಯಾರ್ಥಿಯಾಗಿದ್ದ ಬಿಲ್ ಜಾಯ್. ಮನೆಯಿಂದ ಅವರು ಬಳಸುತ್ತಿದ್ದ ಮೋಡೆಮ್‌ನ ವೇಗ 300 ಬಾಡ್, ಅಂದರೆ ಸೆಕೆಂಡಿಗೆ ಸುಮಾರು 30 ಅಕ್ಷರ. 80 ಅಕ್ಷರಗಳ 24 ಸಾಲಿನ ಪರದೆ ತುಂಬಲು ಒಂದು ನಿಮಿಷಕ್ಕೂ ಮಿಕ್ಕಿ ಬೇಕು. ಇಂಥ ಆಮೆ ನಡಿಗೆಯಲ್ಲಿ ಉದ್ದನೆಯ ಆಜ್ಞೆ ಯಾರಿಗೆ ಬೇಕು? ಡಿ, ಡಬ್ಲ್ಯು ಒತ್ತಿದರೆ ಒಂದು ಪದ ಅಳಿಯಿತು. ಎರಡು ಕೀಲಿಯಲ್ಲಿ ಮಾತು ಮುಗಿಯಿತು.

ಅವರ ಮುಂದಿದ್ದ ಟರ್ಮಿನಲ್ ಎಡಿಎಂ-3ಎ. ಅದರಲ್ಲಿ ಪ್ರತ್ಯೇಕ ಬಾಣದ ಕೀಲಿಗಳಿರಲಿಲ್ಲ. ಎಚ್, ಜೆ, ಕೆ, ಎಲ್ ಮೇಲೆಯೇ ಬಾಣಗಳನ್ನು ಅಚ್ಚು ಹಾಕಿದ್ದರು. ಹಾಗಾಗಿ ಇಂದಿಗೂ ಎಚ್ ಎಡಕ್ಕೆ, ಜೆ ಕೆಳಕ್ಕೆ, ಕೆ ಮೇಲಕ್ಕೆ, ಎಲ್ ಬಲಕ್ಕೆ. ಬರೆಯುವುದನ್ನು ಬಿಟ್ಟು ಆಜ್ಞೆಗಳಿಗೆ ಮರಳಲು ಒತ್ತುವ ಎಸ್ಕೇಪ್ ಆಗ ಈಗಿನ ಟ್ಯಾಬ್ ಜಾಗದಲ್ಲಿತ್ತು. ಅದು ಮೂಲೆ ಸೇರಿದ ಮೇಲೆ ಹೊಸಬರ ಕಿರುಬೆರಳಿಗೆ ಕಷ್ಟ. ಎಷ್ಟೋ ಜನ ಕ್ಯಾಪ್ಸ್‌ಲಾಕ್ ಅನ್ನೇ ಎಸ್ಕೇಪ್ ಮಾಡಿಕೊಳ್ಳುತ್ತಾರೆ.

ಈ ನಾಲ್ಕು ಕೀಲಿಗಳನ್ನು ಜನ ಅತಿಯಾಗಿ ಹೊಗಳುತ್ತಾರೆ ಅನ್ನಿಸುತ್ತದೆ ನನಗೆ. ನಿಜವಾದ ಲಾಭ ಇರುವುದು ನೆಗೆತದಲ್ಲಿ. ತಿ. ನರಸೀಪುರದ ಭತ್ತದ ಮಂಡಿಗೊಂದು ಬಿಲ್ಲಿಂಗ್ ತಂತ್ರಾಂಶ ಇದೆ ಎಂದುಕೊಳ್ಳಿ. ಬಿಲ್ ಮಾಡುವ ಕಡೆ ತೂಕದ ಕಡಿತ ಲೆಕ್ಕ ಹಾಕುವ ಫಂಕ್ಷನ್‌ನ ಹೆಸರು ಮಾತ್ರ ಕಾಣುತ್ತದೆ, ಒಳಗಿನ ಲೆಕ್ಕ ಬೇರೆ ಫೈಲಿನಲ್ಲಿದೆ. ಹೆಸರಿನ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್ ಜೊತೆ ] ಒತ್ತಿದರೆ ಸೀದಾ ಅಲ್ಲಿಗೆ. ಕಂಟ್ರೋಲ್ ಮತ್ತು ಟಿ ಒತ್ತಿದರೆ ಹೊರಟಲ್ಲಿಗೇ ವಾಪಸ್. ಇದಕ್ಕೆ ಆಧಾರ ಕೆನ್ ಆರ್ನಾಲ್ಡ್ ಬರ್ಕ್ಲಿ ಯುನಿಕ್ಸ್‌ಗಾಗಿ ಬರೆದ ‘ಸಿಟ್ಯಾಗ್ಸ್’. ಅದು ಕೋಡನ್ನೆಲ್ಲ ಜಾಲಾಡಿ ಒಂದು ಪಟ್ಟಿ ಮಾಡುತ್ತದೆ: ಫಂಕ್ಷನ್‌ನ ಹೆಸರು, ಅದಿರುವ ಫೈಲು, ಹುಡುಕಲು ಆ ಸಾಲಿನ ಪಠ್ಯ. ಸಾಲಿನ ಸಂಖ್ಯೆಯ ಬದಲು ಪಠ್ಯ ಇಟ್ಟಿದ್ದು ಜಾಣತನ. ಮೇಲೆ ಹತ್ತು ಸಾಲು ಹೊಸದಾಗಿ ಸೇರಿದರೂ ಪಟ್ಟಿ ಕೆಡುವುದಿಲ್ಲ.

ವಿಮ್ ಬಂದದ್ದು ನೆದರ್ಲೆಂಡ್ಸ್‌ನ ಬ್ರಾಮ್ ಮೂಲೆನಾರ್ ಅವರಿಂದ. ಅಮಿಗಾ ಕಂಪ್ಯೂಟರಿಗೆಂದು ಶುರು ಮಾಡಿ 1991ರಲ್ಲಿ ಹೊರತಂದರು. ಬಳಸುವವರು ಮನಸ್ಸಿದ್ದರೆ ಉಗಾಂಡದ ಮಕ್ಕಳಿಗೆ ನೆರವು ಕೊಡಿ ಎಂಬುದಷ್ಟೇ ಅವರ ಕೋರಿಕೆ. 2023ರ ಆಗಸ್ಟ್‌ನಲ್ಲಿ ತೀರಿಕೊಳ್ಳುವವರೆಗೂ ವಿಮ್ ಅನ್ನು ಅವರೇ ನೋಡಿಕೊಂಡರು.

ಮತ್ತೆ ನೆಗೆತದ ಮಾತಿಗೆ ಬಂದರೆ, ಸಿಟ್ಯಾಗ್ಸ್ ಹೆಸರು ಹುಡುಕುತ್ತದೆ, ಅದಕ್ಕೆ ಅರ್ಥ ತಿಳಿಯದು. ಒಂದೇ ಹೆಸರಿನ ಎರಡು ಫಂಕ್ಷನ್ ಇದ್ದರೆ ಗೊಂದಲ. ಮೈಕ್ರೋಸಾಫ್ಟ್ 2016ರಲ್ಲಿ ಪ್ರಕಟಿಸಿದ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ ಈ ತೊಡಕನ್ನು ಬಹುಮಟ್ಟಿಗೆ ಬಿಡಿಸಿತು. ಭಾಷೆ ಬಲ್ಲ ಸರ್ವರ್ ಹಿಂದೆ ನಿಂತು ಉತ್ತರ ಕೊಡುತ್ತದೆ, ಎಡಿಟರ್ ಕೇಳಿದರೆ ಸಾಕು. ಒತ್ತುವ ಕೀಲಿ ಮಾತ್ರ ಹಳೆಯದೇ ಆಗಿರಬಹುದು.

ಕನ್ನಡಿಗರಿಗೆ ಇನ್ನೊಂದು ತಾಪತ್ರಯ ಉಂಟು. ಕೋಡಿನ ನಡುವೆ ಗಿರಾಕಿಗೆ ಕಾಣಬೇಕಾದ ಕನ್ನಡ ಸಾಲು ಬರೆದು, ಕೀಲಿಮಣೆಯನ್ನು ಇಂಗ್ಲಿಷಿಗೆ ತಿರುಗಿಸಲು ಮರೆತರೆ ಜೆ ಒತ್ತಿದಾಗ ಕರ್ಸರ್ ಕೆಳಗಿಳಿಯದು. ವಿಮ್‌ಗೆ ಸಿಗುವುದು ‘ಜ’. ಕೆ.ಪಿ. ರಾವ್ ಅವರ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ ಎಫ್ ಒತ್ತಕ್ಷರ ಮೂಡಿಸುವ ಕೀಲಿ, ವಿಮ್‌ನಲ್ಲಿ ಅದೇ ಎಫ್ ಸಾಲಿನೊಳಗೆ ಅಕ್ಷರ ಹುಡುಕುವ ಆಜ್ಞೆ. ಇದಕ್ಕೆ ವಿಮ್‌ನೊಳಗೇ ‘ಕೀಮ್ಯಾಪ್’ (ಕೀಲಿನಕ್ಷೆ) ಎಂಬ ದಾರಿ ಇದೆ. ಆ ನಕ್ಷೆ ಹಾಕಿಕೊಂಡರೆ ಬರೆಯುವಾಗ ಮಾತ್ರ ಕನ್ನಡ, ಎಸ್ಕೇಪ್ ಒತ್ತಿದೊಡನೆ ಆಜ್ಞೆಗಳು ಎಂದಿನಂತೆ. ಎಫ್ ಒತ್ತಿದ ಮೇಲೆ ಕೊಡುವ ಅಕ್ಷರಕ್ಕೂ ನಕ್ಷೆ ಅನ್ವಯಿಸುತ್ತದೆ. ಹಾಗಾಗಿ ಎಫ್, ಕೆ ಎಂದರೆ ಕರ್ಸರ್ ಆ ಸಾಲಿನ ಮುಂದಿನ ‘ಕ’ ಹುಡುಕುತ್ತದೆ.