ಹೆಬ್ಬೆರಳಿನ ಬರವಣಿಗೆ

ನಮ್ಮ ನಾಡಿನಲ್ಲಿ ಹೆಬ್ಬೆರಳಿಗೂ ಅಕ್ಷರಕ್ಕೂ ಅಷ್ಟಾಗಿ ಸ್ನೇಹವಿರಲಿಲ್ಲ. ಓದುಬರಹ ಬಾರದವರನ್ನು ‘ಹೆಬ್ಬೆಟ್ಟು’ ಎಂದೇ ಕರೆಯುವ ವಾಡಿಕೆಯಿತ್ತು. ಸಾಲಪತ್ರದ ಮೇಲೆ, ಕ್ರಯಪತ್ರದ ಮೇಲೆ, ಸಹಿ ಹಾಕಲಾರದವನು ಮಸಿ ಹಚ್ಚಿದ ಹೆಬ್ಬೆರಳನ್ನು ಒತ್ತಿ ಎದ್ದುಹೋಗುತ್ತಿದ್ದ. ಬೆರಳಚ್ಚು ಕಲಿಸುವ ಶಾಲೆಗಳಲ್ಲಿಯೂ ಹೆಬ್ಬೆರಳಿಗೆ ದೊರೆತದ್ದು ಪದಗಳ ನಡುವೆ ತೆರಪು ಬಿಡುವ ಉದ್ದನೆಯ ಪಟ್ಟಿಯೊಂದೇ. ಅಕ್ಷರವನ್ನು ಮುಟ್ಟುವ ಅಧಿಕಾರವೆಲ್ಲ ಉಳಿದ ಎಂಟು ಬೆರಳುಗಳದು. ಇಂಥ ಹೆಬ್ಬೆರಳನ್ನು ಹಿಡಿದು ಬರೆಯಲು ಕೂರಿಸಿದ ಯಂತ್ರವೊಂದು ಕೆಲವು ಕಾಲ ಲೋಕದ ದೊಡ್ಡ ದೊಡ್ಡವರ ಕೈಯಲ್ಲಿ ಮೆರೆದು ಮರೆಯಾಯಿತು. ಗುಂಡಿಗಳ ಕೀಲಿಮಣೆಯನ್ನು ಹೊತ್ತ ಆ ಮೊದಮೊದಲ ಸ್ಮಾರ್ಟ್‌ಫೋನುಗಳನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಕನ್ನಡದ ಮೇಷ್ಟರಿಗೆ ಇದರ ಉಸಾಬರಿ ಏಕೆ ಎಂದು ಕೇಳುಗರು ಹುಬ್ಬೇರಿಸಬಹುದು. ಅಂಥದೊಂದು ಫೋನನ್ನು ಐದು ವರ್ಷ ಜೇಬಿನಲ್ಲಿಟ್ಟುಕೊಂಡು ತಿರುಗಿದವನು ನಾನು. ಉಸಾಬರಿ ಏಕೆಂಬುದು ಮಾತಿನ ನಡುವೆ ತಾನಾಗಿಯೇ ತಿಳಿದೀತು.

1996ರಲ್ಲಿ ಫಿನ್ಲೆಂಡಿನ ನೋಕಿಯಾ ಕಂಪನಿ ‘9000 ಕಮ್ಯುನಿಕೇಟರ್’ ಎಂಬ ಸಾಧನವನ್ನು ಮಾರುಕಟ್ಟೆಗೆ ತಂದಿತು. ಮುಚ್ಚಿದರೆ ದೂರವಾಣಿ, ಪುಸ್ತಕದಂತೆ ಬಿಡಿಸಿದರೆ ಒಳಗೆ ಅಗಲವಾದ ಪರದೆ, ಅದರ ಕೆಳಗೆ ಪೂರ್ಣ ಕೀಲಿಮಣೆ. ತೂಕ 397 ಗ್ರಾಂ, ಅಂದರೆ ಅಂಗಿಯ ಜೇಬಿಗೆ ಹಾಕಿದರೆ ಅಂಗಿಯೇ ಒಂದು ಪಕ್ಕಕ್ಕೆ ಜೋಲಬೇಕು. ಪುಟ್ಟ ಕಂಪ್ಯೂಟರೊಂದಕ್ಕೆ ದೂರವಾಣಿಯನ್ನು ಅಂಟಿಸಿದಂತಿದ್ದ ಅದು ಪ್ರತಿಷ್ಠೆಯ ವಸ್ತುವಾಯಿತೇ ಹೊರತು ಎಲ್ಲರ ವಸ್ತುವಾಗಲಿಲ್ಲ.

ಹೆಬ್ಬೆರಳಿನ ನಿಜವಾದ ಭಾಗ್ಯೋದಯವಾದದ್ದು ಕೆನಡಾ ದೇಶದ ವಾಟರ್‌ಲೂ ಎಂಬ ಊರಿನಲ್ಲಿ. ಅಲ್ಲಿ ಮೈಕ್ ಲಜಾರಿಡಿಸ್ ಮತ್ತು ಡಗ್ಲಸ್ ಫ್ರೆಗಿನ್ ಎಂಬ ಇಬ್ಬರು 1984ರಲ್ಲಿ ‘ರಿಸರ್ಚ್ ಇನ್ ಮೋಶನ್’ ಎಂಬ ಕಂಪನಿಯನ್ನು ಕಟ್ಟಿದ್ದರು. ಅಂಗೈಯಗಲದ ಯಂತ್ರದಲ್ಲಿ ಹತ್ತು ಬೆರಳಿಗೆ ಎಡೆಯಿಲ್ಲ. ಎರಡು ಕೈಯಲ್ಲಿ ಅದನ್ನು ಹಿಡಿದಾಗ ಬಿಡುವಾಗಿ ಉಳಿಯುವುದು ಎರಡು ಹೆಬ್ಬೆರಳು ಮಾತ್ರ. ಹಾಗಿದ್ದ ಮೇಲೆ ಮಣೆಯನ್ನು ಅವಕ್ಕಾಗಿಯೇ ರೂಪಿಸಬಾರದೇಕೆ? ಕೇಳಿದರೆ ಎಷ್ಟು ಸರಳವೆನಿಸುತ್ತದೆ! ಆ ಯೋಚನೆಯ ಫಲವಾಗಿ 1999ರಲ್ಲಿ ‘ಬ್ಲ್ಯಾಕ್‌ಬೆರಿ’ ಎಂಬ ಹೆಸರಿನಲ್ಲಿ ಹೊರಬಂದ 850 ಎಂಬ ಮಾದರಿ ಫೋನೇ ಅಲ್ಲ. ಮಿಂಚಂಚೆಯನ್ನು ಓದಿ ಬರೆಯುವ ಪೇಜರು, ಒಂದೇ ಒಂದು ಪೆನ್ಸಿಲ್ ಸೆಲ್ಲಿನಿಂದ ನಡೆಯುವಂಥದು. ಪಕ್ಕಪಕ್ಕದಲ್ಲಿ ಜೋಡಿಸಿದ ಆ ಗುಂಡಿಗಳು ಹಣ್ಣಿನ ಮೇಲಿನ ಬೀಜಗಳಂತೆ ಕಂಡದ್ದರಿಂದ ಹಣ್ಣಿನ ಹೆಸರು ಬಂತೆಂದು ಹೇಳುತ್ತಾರೆ. 2002ರ 5810 ಎಂಬ ಮಾದರಿಯಲ್ಲಿ ಮಾತನಾಡುವ ಸೌಕರ್ಯವೂ ಸೇರಿತು. ಆದರೆ ಕಿವಿಗೆ ತಂತಿ ಸಿಕ್ಕಿಸಿಕೊಂಡರೆ ಮಾತ್ರ ಮಾತು. ಬರೆಯಲೆಂದೇ ಹುಟ್ಟಿದ ಕೂಸಿಗೆ ಮಾತು ತಡವಾಗಿ ಬಂತು, ಅಷ್ಟೆ.

ಇದನ್ನು ಕೊಂಡವರ ಅನುಭವಗಳು ಒಂದು ಪುರಾಣಕ್ಕಾಗುವಷ್ಟಿವೆ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನಲ್ಲಿ ಗೋಪುರಗಳು ಉರುಳಿದಾಗ ದೂರವಾಣಿಯ ಜಾಲ ಕಿಕ್ಕಿರಿದು ಮಾತು ನಿಂತುಹೋಯಿತು. ಆಗ ಈ ಪುಟ್ಟ ಯಂತ್ರಗಳ ಸಂದೇಶಗಳು ಮಾತ್ರ ಓಡಾಡುತ್ತಿದ್ದವು. ಸರ್ಕಾರದ ಅಧಿಕಾರಿಗಳೂ ವಕೀಲರೂ ಹಣಕಾಸಿನವರೂ ಇದಕ್ಕೆ ಅಂಟಿಕೊಂಡದ್ದರಲ್ಲಿ ಆ ದಿನದ ನೆನಪಿನ ಪಾಲೂ ಉಂಟು. 2009ರಲ್ಲಿ ಅಮೆರಿಕದ ಅಧ್ಯಕ್ಷರಾದ ಬರಾಕ್ ಒಬಾಮಾ ರಕ್ಷಣಾ ಸಿಬ್ಬಂದಿಯ ಆತಂಕವನ್ನೂ ಲೆಕ್ಕಿಸದೆ ತಮ್ಮ ಬ್ಲ್ಯಾಕ್‌ಬೆರಿಯನ್ನು ಉಳಿಸಿಕೊಂಡರು. ಹೊಸ ಪತ್ರ ಬಂದಾಗ ಮೂಲೆಯಲ್ಲೊಂದು ಕೆಂಪು ದೀಪ ಮಿನುಗುತ್ತಿತ್ತು. ಆ ಮಿನುಗಿಗೆ ಓಗೊಡದೆ ಕೂರುವ ಜಿತೇಂದ್ರಿಯರು ಕಡಮೆ. ಚಟ ಎಲ್ಲಿಗೆ ಮುಟ್ಟಿತೆಂದರೆ, ಇದರ ಹೆಸರಿಗೆ ಮಾದಕವಸ್ತುವೊಂದರ ಹೆಸರನ್ನು ಬೆಸೆದು ‘ಕ್ರ್ಯಾಕ್‌ಬೆರಿ’ ಎಂಬ ಪದವನ್ನು ಜನ ಟಂಕಿಸಿದರು. 2006ರಲ್ಲಿ ವೆಬ್‌ಸ್ಟರ್ಸ್ ನ್ಯೂ ವರ್ಲ್ಡ್ ಕಾಲೇಜು ನಿಘಂಟಿನವರು ಅದನ್ನೇ ವರ್ಷದ ಪದವೆಂದು ಆರಿಸಿದರು. ವೈದ್ಯರ ಬಳಿಗೆ ಹೆಬ್ಬೆರಳು ನೋವೆಂದು ಹೋದವರಿಗೆ ‘ಬ್ಲ್ಯಾಕ್‌ಬೆರಿ ಹೆಬ್ಬೆರಳು’ ಎಂಬ ರೋಗನಾಮವೂ ಸಿದ್ಧವಾಯಿತು.

ನಮ್ಮ ದೇಶಕ್ಕೆ 2004ರಲ್ಲಿ ಏರ್‌ಟೆಲ್ ಕಂಪನಿಯ ಮೂಲಕ ಬ್ಲ್ಯಾಕ್‌ಬೆರಿ ಬಂತು. 2008ರಲ್ಲಿ ನೋಕಿಯಾದ ಇ71 ಎಂಬ ತೆಳುವಾದ ಲೋಹದ ಫೋನು ಬಂದ ಮೇಲೆ ಕಚೇರಿಯ ಮೇಜುಗಳ ಮೇಲೆ ಕೀಲಿಮಣೆಯ ಫೋನುಗಳು ಕಾಣತೊಡಗಿದವು. ನನ್ನ ಕೈಗೆ ಅಂಥದೊಂದು 2009ರಲ್ಲಿ ಬಂತು; ಅದರ ಕುಲಗೋತ್ರ ಇಲ್ಲಿ ಬೇಡ. ಹೊಸದನ್ನು ಕೊಂಡ ಭಾವಮೈದುನ ಹಳೆಯದನ್ನು ನನ್ನ ಮುಂದಿಟ್ಟು, “ಇದು ನಿಮಗೇ ಸರಿ ಭಾವ, ನೀವು ಟೈಪಿಂಗ್ ಪಾಸು ಮಾಡಿದವರು” ಎಂದ.

ಬೆರಳಚ್ಚಿನ ವಿದ್ಯೆ ಅಲ್ಲಿ ಉಪಯೋಗಕ್ಕೆ ಬರಲಿಲ್ಲವಾದರೂ ಆ ಗುಂಡಿಗಳ ಸುಖವನ್ನು ನಾನು ಅಲ್ಲಗಳೆಯಲಾರೆ. ಅದಕ್ಕೆ ಹಿಂದಿನ ಫೋನುಗಳಲ್ಲಿ ಅಂಕಿಯ ಗುಂಡಿಗಳ ಮೇಲೆಯೇ ಅಕ್ಷರಗಳನ್ನು ಹೇರಿದ್ದರು. ಇಂಗ್ಲಿಷಿನ ‘ಸಿ’ ಬೇಕಾದರೆ ಎರಡರ ಗುಂಡಿಯನ್ನು ಮೂರು ಸಲ, ‘ಎಸ್’ ಬೇಕಾದರೆ ಏಳರ ಗುಂಡಿಯನ್ನು ನಾಲ್ಕು ಸಲ ಒತ್ತಬೇಕು. ಮೂರು ಸಾಲಿನ ಪತ್ರಕ್ಕೆ ಮುಂಗೈ ಸೋಲುತ್ತಿತ್ತು. ಇಲ್ಲಿ ಹಾಗಲ್ಲ, ಒಂದು ಅಕ್ಷರಕ್ಕೆ ಒಂದು ಗುಂಡಿ. ಪ್ರತಿ ಗುಂಡಿಗೂ ಸಣ್ಣ ಉಬ್ಬು, ಒತ್ತಿದರೆ ‘ಟಿಕ್’ ಎಂಬ ಒಪ್ಪಿಗೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಕಣ್ಣಿನ ಹಂಗಿಲ್ಲದೆ ಬರೆಯುತ್ತಿದ್ದೆ: ದೀಪವಿಲ್ಲದ ಬಸ್ಸಿನಲ್ಲಿ, ಕರೆಂಟು ಹೋದ ಮನೆಯಲ್ಲಿ, ಮುಗಿಯದ ಸಮಿತಿಸಭೆಗಳಲ್ಲಿ ಮೇಜಿನ ಮರೆಯಲ್ಲಿ. (ಸಮಿತಿಸಭೆಗಳನ್ನು ಬಲ್ಲವರು ಇದನ್ನು ಅಪರಾಧವೆಂದು ಎಣಿಸಲಾರರು.)

ಆದರೆ ಅಷ್ಟೂ ಇಂಗ್ಲಿಷಿನಲ್ಲಿ. ಮೂವತ್ತು ವರ್ಷ ಕನ್ನಡ ಪಾಠ ಹೇಳಿಕೊಂಡು ಬಂದವನ ಜೇಬಿನಲ್ಲಿದ್ದ ಲೇಖನಿಗೆ ಕನ್ನಡದ ಅಆಇಈ ಬಾರದು! ಬರೆಯುವುದಿರಲಿ, ಯಾರಾದರೂ ಕನ್ನಡದಲ್ಲಿ ಪತ್ರ ಕಳುಹಿಸಿದರೆ ಪರದೆಯ ಮೇಲೆ ಸಾಲುಸಾಲು ಖಾಲಿ ಚೌಕಗಳು ನಿಲ್ಲುತ್ತಿದ್ದವು, ಬಾಗಿಲು ಮುಚ್ಚಿದ ಅಂಗಡಿಬೀದಿಯ ಹಾಗೆ.

ಇದರ ಕಾರಣವನ್ನು ತುಸು ಬಿಡಿಸಿ ಹೇಳಬೇಕು. ಲೋಕದ ಲಿಪಿಗಳಿಗೆಲ್ಲ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡುವ ಯೂನಿಕೋಡ್ ಎಂಬ ವ್ಯವಸ್ಥೆಯ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡಕ್ಕೂ ಮನೆ ದೊರೆತಿತ್ತು. ಆದರೆ ಸಂಖ್ಯೆಯಿದ್ದ ಮಾತ್ರಕ್ಕೆ ಅಕ್ಷರ ಮೂಡುವುದಿಲ್ಲ. ಇಂಗ್ಲಿಷಿನ ಅಕ್ಷರಗಳು ಸಾಲಿನಲ್ಲಿ ನಿಂತ ಸಿಪಾಯಿಗಳು; ಒಬ್ಬರನ್ನೊಬ್ಬರು ಮುಟ್ಟುವುದಿಲ್ಲ. ನಮ್ಮವು ಅವಿಭಕ್ತ ಕುಟುಂಬದವು. ‘ಸೂರ್ಯ’ ಎನ್ನುವಲ್ಲಿ ಮೊದಲು ನುಡಿಯುವ ರಕಾರ ಬರೆಯುವಾಗ ಯಕಾರದ ಬೆನ್ನಹಿಂದೆ ನಿಲ್ಲುತ್ತದೆ. ‘ಶಾಸ್ತ್ರ’ ಎನ್ನುವಲ್ಲಿ ಎರಡು ವ್ಯಂಜನಗಳು ಮೊದಲನೆಯದಕ್ಕೆ ಒತ್ತಾಗುತ್ತವೆ. ಯಾವುದು ಎಲ್ಲಿ ಕೂರಬೇಕೆಂಬ ಕಾಗುಣಿತವನ್ನು ಯಂತ್ರಕ್ಕೆ ಕಲಿಸಬೇಕು, ಆ ರೂಪಗಳನ್ನೆಲ್ಲ ಬರೆದಿಡಬೇಕು. ಅಂದಿನ ಹೆಚ್ಚಿನ ಫೋನುಗಳಿಗೆ ಈ ಪಾಠವಾಗಿರಲಿಲ್ಲ.

ಉಪಾಯವೊಂದಿತ್ತು. ‘ಒಪೆರಾ ಮಿನಿ’ ಎಂಬ ಜಾಲದರ್ಶಕದಲ್ಲಿ ವಿಳಾಸ ಬರೆಯುವ ಜಾಗದಲ್ಲಿ ಒಂದು ಗುಟ್ಟಿನ ಮಾತನ್ನು ಬರೆದರೆ ಒಳಕೋಣೆಯೊಂದು ತೆರೆಯುತ್ತಿತ್ತು. ಅಲ್ಲಿ ಕ್ಲಿಷ್ಟ ಲಿಪಿಗಳನ್ನು ಚಿತ್ರವಾಗಿ ತೋರಿಸು ಎಂಬ ಆಯ್ಕೆಯನ್ನು ಒಪ್ಪಿಕೊಂಡರೆ, ದೂರದ ಕಂಪ್ಯೂಟರೊಂದು ಕನ್ನಡದ ಪುಟವನ್ನು ಚಿತ್ರಗಳಾಗಿ ಬಿಡಿಸಿ ಕಳುಹಿಸುತ್ತಿತ್ತು. ಇದನ್ನು ನನಗೆ ಹೇಳಿಕೊಟ್ಟವಳು ಎಂ.ಎ. ತರಗತಿಯ ಒಬ್ಬ ವಿದ್ಯಾರ್ಥಿನಿ. ಗುರುವಿಗೆ ಮಂತ್ರೋಪದೇಶ ಮಾಡಿದಷ್ಟು ಗಂಭೀರವಾಗಿ ಹೇಳಿಕೊಟ್ಟಳು. ಮೊದಲ ದಿನ ಕನ್ನಡ ಪತ್ರಿಕೆಯ ತಲೆಬರಹ ಆ ಎರಡಂಗುಲದ ಪರದೆಯಲ್ಲಿ ಮೂಡಿದಾಗ ಆದ ಸಂತೋಷ ಸಣ್ಣದಲ್ಲ. ಆದರೂ ಅದು ಗೋಡೆಯ ಮೇಲಿನ ಪಟ. ನೋಡಬಹುದು, ಅದಕ್ಕೆ ಮರುಮಾತು ಬರೆಯಲಾಗದು.

ಹೀಗಾಗಿ ಬರೆಯುವವರೆಲ್ಲ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯತೊಡಗಿದರು. ನನ್ನ ತಮ್ಮನ ಮಗ ಊರಿನಲ್ಲಿ ಬೇಸಾಯ ನೋಡಿಕೊಂಡಿರುವವನು. ಆ ವೇಳೆಗೆ ಅವನಲ್ಲಿಯೂ ಅಗ್ಗದ ಕೀಲಿಮಣೆಯ ಫೋನೊಂದಿತ್ತು. ರಾಗಿಯ ಹೊಲದ ಸಾಲಿನಲ್ಲಿ ತೊಗರಿ ಹಾಕಿದ್ದ ಅವನು ಒಂದು ದಿನ ಸಂದೇಶ ಕಳುಹಿಸಿದ. ತೊಗರಿ ಎಂಬುದು ಸ್ಪಷ್ಟವಾಗಿತ್ತು. ಚೆನ್ನಾಗಿದೆ ಎಂಬುದೂ ಸ್ಪಷ್ಟ. ನಡುವೆ ಬಿ, ಇ, ಎಲ್, ಇ ಎಂಬ ನಾಲ್ಕು ಅಕ್ಷರ. ತೊಗರಿಯ ಬೆಳೆ ಚೆನ್ನಾಗಿದೆಯೆ? ತೊಗರಿಯ ಬೆಲೆ ಚೆನ್ನಾಗಿದೆಯೆ? ಅಥವಾ ಒಡೆಸಿದ ತೊಗರಿಬೇಳೆ ಚೆನ್ನಾಗಿ ಬೇಯುತ್ತಿದೆಯೆ? ಲಕಾರ ಳಕಾರಗಳ ಭೇದವೂ ಹ್ರಸ್ವ ದೀರ್ಘಗಳ ಭೇದವೂ ಅಳಿಸಿಹೋದ ಆ ನಾಲ್ಕಕ್ಷರದಲ್ಲಿ ಒಂದು ಸಂಸಾರದ ವರ್ಷದ ಲೆಕ್ಕ ಅಡಗಿ ಕುಳಿತಿತ್ತು. ಫೋನು ಮಾಡಿ ಕೇಳಿದೆ. “ಬೆಳೆ ಚೆನ್ನಾಗಿದೆ ದೊಡ್ಡಪ್ಪ. ಬೆಳೆ ಚೆನ್ನಾಗಿರೋ ವರ್ಷ ಬೆಲೆ ಎಲ್ಲಿ ಚೆನ್ನಾಗಿರುತ್ತೆ?” ಎಂದ. ನಮ್ಮ ವ್ಯಾಕರಣದ ತರಗತಿಗಳಲ್ಲಿ ಮೂರ್ಧನ್ಯ ಳಕಾರದ ಮಹತ್ವಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕೊಟ್ಟಿರಲಿಲ್ಲ.

ಗುಂಡಿಗಳು ಸಾಲಲಿಲ್ಲವೆಂದು ಹೀಗಾಯಿತೆ? ಅಲ್ಲ. ಈ ಮಾತನ್ನು ಒತ್ತಿ ಹೇಳಬೇಕೆಂದೇ ಇಷ್ಟು ಪೀಠಿಕೆ. ಇಡೀ ಲಿಪಿಯನ್ನು ಕೆಲವೇ ಕೀಲಿಗಳಲ್ಲಿ ಅಡಕಗೊಳಿಸುವ ಕೆಲಸವನ್ನು ಬೆರಳಚ್ಚು ಯಂತ್ರದ ಕಾಲದಲ್ಲಿಯೇ ಅನಂತಸುಬ್ಬರಾಯರು ಸಾಧಿಸಿ ತೋರಿಸಿದ್ದರು. ಗಣಕಯಂತ್ರ ಬಂದಾಗ ಕೆ. ಪಿ. ರಾವ್ ಅವರು ಇಂಗ್ಲಿಷಿನ 26 ಕೀಲಿಗಳಲ್ಲಿಯೇ ಕನ್ನಡವನ್ನು ಕೂರಿಸಿದರು: ಒಂದು ಕೀಲಿಗೆ ‘ಕ’, ಅದನ್ನೇ ಶಿಫ್ಟ್ ಹಿಡಿದು ಒತ್ತಿದರೆ ‘ಖ’, ಒತ್ತಕ್ಷರಕ್ಕೆ ನಡುವೆ ಕೊಂಡಿಯಾಗಿ ಮತ್ತೊಂದು ಕೀಲಿ. ನಮ್ಮ ವರ್ಣಮಾಲೆ ಉಚ್ಚಾರಣೆಯ ಕ್ರಮದಲ್ಲಿ ಹೆಣೆದುಕೊಂಡಿರುವುದರಿಂದಲೇ ಇದು ಸಾಧ್ಯವಾಯಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಮನೆಮನೆಯ ಕಂಪ್ಯೂಟರಿನಲ್ಲಿ ಜನ ಕನ್ನಡ ಬರೆಯುತ್ತಿದ್ದರು. ಜೇಬಿನ ಫೋನಿನಲ್ಲಿಯೂ ಅಷ್ಟೇ ಗುಂಡಿಗಳಿದ್ದವು. ಕೊರತೆಯಾದದ್ದು ಗುಂಡಿಗಳದಲ್ಲ, ಗಮನದ್ದು. ಮಿಂಚಂಚೆ ಬರೆಯುವವನು ಇಂಗ್ಲಿಷ್ ಬಲ್ಲ ಅಧಿಕಾರಿ ಎಂಬ ಎಣಿಕೆಯೊಂದು ಆ ಯಂತ್ರಗಳ ಒಡಲಲ್ಲೇ ಇತ್ತು; ತೊಗರಿ ಬೆಳೆಯುವವನು ದೊಡ್ಡಪ್ಪನಿಗೆ ಪತ್ರ ಬರೆಯುತ್ತಾನೆಂದು ಯಾರೂ ಎಣಿಸಿರಲಿಲ್ಲ.

2007ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಐಫೋನನ್ನು ಲೋಕಕ್ಕೆ ತೋರಿಸಿದಾಗ ಈ ಗುಂಡಿಗಳ ಫೋನುಗಳನ್ನು ಸಾಲಾಗಿ ಪರದೆಯ ಮೇಲಿಟ್ಟು ಹಾಸ್ಯಮಾಡಿದರು. ಬೇಕಿರಲಿ ಬೇಡವಿರಲಿ ಗುಂಡಿಗಳು ಅಲ್ಲೇ ಕುಳಿತಿರುತ್ತವೆ, ಒಮ್ಮೆ ತಯಾರಾದ ಮೇಲೆ ಬದಲಿಸಲಾಗದು ಎಂಬುದು ಅವರ ಆಕ್ಷೇಪದ ತಿರುಳು. ಅವರ ಮನಸ್ಸಿನಲ್ಲಿ ಕನ್ನಡವೇನೂ ಇರಲಿಲ್ಲ. ಆದರೆ ಆ ಮಾತು ತಾಗಿದ್ದು ನಮ್ಮಂಥವರಿಗೇ ಹೆಚ್ಚು. ಗಾಜಿನ ಮೇಲೆ ಮೂಡುವ ಕೀಲಿಮಣೆ ಬೆಳಿಗ್ಗೆ ಇಂಗ್ಲಿಷಾಗಿ ಸಂಜೆ ಕನ್ನಡವಾಗಬಲ್ಲದು. ಗಾಜು ಬಂದ ಮರುದಿನವೇ ಕನ್ನಡ ಬಂತೆಂದಲ್ಲ. 2012ರ ಆಂಡ್ರಾಯ್ಡ್ 4.1 ಆವೃತ್ತಿಯಲ್ಲಿ ಕನ್ನಡ, ತೆಲುಗು, ಮಲಯಾಳಗಳ ಅಕ್ಷರಗಳಿಗೆ ವ್ಯವಸ್ಥೆಯಾಯಿತು. 2014ರಲ್ಲಿ ನಾನು ಗಾಜಿನ ಫೋನಿಗೆ ಬದಲಾದೆ. ‘ಳ’ ಎಂಬ ಅಕ್ಷರವನ್ನು ಮೊದಲ ಸಲ ಹೆಬ್ಬೆರಳಿನಿಂದ ಮುಟ್ಟಿದೆ.

ಕಳೆದುಕೊಂಡದ್ದೂ ಉಂಟು. ಗಾಜಿಗೆ ಸ್ಪರ್ಶದ ನೆನಪಿಲ್ಲ. ಕಣ್ಣು ತೆಗೆದರೆ ಬೆರಳು ದಾರಿತಪ್ಪುತ್ತದೆ. ನಾನು ‘ಹಳಗನ್ನಡ’ ಎಂದು ಬರೆಯಹೊರಟರೆ ಮುಗಿಯುವ ಮೊದಲೇ ‘ಹಳದಿ’ಯನ್ನು ಮುಂದೊಡ್ಡುವ ಅದರ ಅತಿವಿನಯವೂ ನನಗೆ ಸೇರದು. ಕಣ್ಣಿಲ್ಲದವರಿಗೆ ಉಬ್ಬಿನ ಗುಂಡಿಗಳಿಂದಾಗುತ್ತಿದ್ದ ಉಪಕಾರವನ್ನು ನೆನೆದರೆ ಈ ನಷ್ಟ ಬರಿಯ ರಸಿಕತೆಯದಲ್ಲ. ಇನ್ನೊಂದು ಸಂಗತಿ ನನ್ನನ್ನು ಇದಕ್ಕಿಂತ ಹೆಚ್ಚು ಕಾಡುತ್ತದೆ. ಗುಂಡಿ ಹೋದರೂ ಗುಂಡಿ ಕಲಿಸಿದ ಚಾಳಿ ಹೋಗಲಿಲ್ಲ. ಕನ್ನಡದ ಮಣೆ ಬೆರಳ ತುದಿಯಲ್ಲೇ ಇದ್ದರೂ ಕನ್ನಡವನ್ನು ಇಂಗ್ಲಿಷಿನ ಲಿಪಿಯಲ್ಲೇ ಬರೆಯುವ ತರುಣರು, ನನ್ನ ಕೈಯಲ್ಲಿ ಕನ್ನಡ ಎಂ.ಎ. ಮಾಡಿದವರೂ ಸೇರಿ, ಎಷ್ಟೋ ಮಂದಿ ಇದ್ದಾರೆ. ತಮ್ಮನ ಮಗ ಮಾತ್ರ ಈಗ ಕನ್ನಡ ಅಕ್ಷರದಲ್ಲಿಯೇ ಬರೆಯುತ್ತಾನೆ. ಬೆಲೆಯ ವಿಷಯದಲ್ಲಿ ಅನುಮಾನಕ್ಕೆ ಎಡೆಗೊಡುವಂತಿಲ್ಲವಲ್ಲ!

ಬ್ಲ್ಯಾಕ್‌ಬೆರಿ ಕಂಪನಿ ಫೋನುಗಳನ್ನು ತಾನೇ ತಯಾರಿಸುವುದನ್ನು ನಿಲ್ಲಿಸುವುದಾಗಿ 2016ರಲ್ಲಿ ಸಾರಿತು. 2022ರ ಜನವರಿ 4ರಂದು ಅದರ ಹಳೆಯ ಫೋನುಗಳಿಗೆ ಆಧಾರವಾಗಿದ್ದ ಸೇವೆಗಳೂ ನಿಂತವು. ಗುಂಡಿಗಳ ಹಂಬಲ ಮಾತ್ರ ನಿಂತಿಲ್ಲ. 2024ರಲ್ಲಿ ‘ಕ್ಲಿಕ್ಸ್’ ಎಂಬ ಹೆಸರಿನಲ್ಲಿ, ಐಫೋನಿಗೆ ತೊಡಿಸಿ ಕೆಳಗೊಂದು ಪುಟ್ಟ ಕೀಲಿಮಣೆಯನ್ನು ಜೋಡಿಸಿಕೊಳ್ಳುವ ಕವಚವೊಂದು ಮಾರಾಟಕ್ಕೆ ಬಂತು. ಅದರ ಗುಂಡಿಗಳ ಮೇಲೆ ಅಚ್ಚಾಗಿ ಬಂದದ್ದೂ ಇಂಗ್ಲಿಷಿನ ಆ ಇಪ್ಪತ್ತಾರು ಅಕ್ಷರಗಳೇ.