ಸಂಜೆಯ ಊಟ, ರಾತ್ರಿಯ ಗುಳಿಗೆ

ಸಕ್ಕರೆ ಕಾಯಿಲೆಯವರ ಚೀಟಿಯಲ್ಲಿ ವೈದ್ಯರು 1-0-1 ಎಂದು ಬರೆಯುತ್ತಾರೆ. ಬೆಳಿಗ್ಗೆ ಒಂದು ಗುಳಿಗೆ, ರಾತ್ರಿ ಊಟಕ್ಕೆ ಒಂದು. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ರಾತ್ರಿ ಊಟವೆಂಬುದೇ ಇಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆ ಸೂರ್ಯಾಸ್ತದ ನಂತರ ನೀರನ್ನೂ ಮುಟ್ಟದ ಹಿರಿಯರಿದ್ದಾರೆ. ಅವರು ನಿಯಮ ಮುರಿಯಲಾರರು, ವೈದ್ಯರಿಗೆ ಹೇಳಲೂ ಸಂಕೋಚ. ಗುಳಿಗೆ ಡಬ್ಬಿಯಲ್ಲೇ ಉಳಿಯುತ್ತದೆ.

ಮೂರು ತಿಂಗಳ ಬಳಿಕ ಎಚ್‌ಬಿಎ-ಒನ್-ಸಿ ಪರೀಕ್ಷೆ. ದಿನದ ಸಕ್ಕರೆ ರೋಜಕೀರ್ದಿಯಾದರೆ ಇದು ಖತಾವಣಿ. ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತೋರಿಸುತ್ತದೆ, ಮುನ್ನಾದಿನದ ಪಥ್ಯಕ್ಕೆ ಬಗ್ಗುವುದಿಲ್ಲ. ಅಂಕಿ ಏರಿರುತ್ತದೆ. ಗುಳಿಗೆ ಸರಿಯಾಗಿ ನುಂಗುತ್ತಾರೆಯೇ ಎಂದು ವೈದ್ಯರು ಮರಾಠಿಯಲ್ಲಿ ಕೇಳುತ್ತಾರೆ. ಅಂಗಡಿ ಬಿಟ್ಟು ಬಂದ ಮಗ ಅವಸರದಲ್ಲಿ ಹೌದೆನ್ನುತ್ತಾನೆ. ಅವ್ವನ ಕನ್ನಡ ಅವ್ವನ ಬಾಯಲ್ಲೇ ಉಳಿಯುತ್ತದೆ. ವೈದ್ಯರು ಪ್ರಮಾಣ ಹೆಚ್ಚಿಸುತ್ತಾರೆ. ಮುಂದಿಟ್ಟ ಲೆಕ್ಕವೇ ತಪ್ಪಿದ್ದರೆ ಅವರೇನು ಮಾಡಿಯಾರು?

ನಿಜ ಹೇಳಿದ್ದರೆ ದಾರಿ ಸುಲಭವಿತ್ತು. ಮೆಟ್‌ಫಾರ್ಮಿನ್‌ನಂಥ ಗುಳಿಗೆಗೆ ಊಟದ ಜೊತೆ ಎಂಬುದು ಮುಖ್ಯ, ಗಡಿಯಾರದ ಒಂಬತ್ತು ಗಂಟೆಯಲ್ಲ. ಸಂಜೆಯ ಊಟಕ್ಕೇ ಅದನ್ನು ಬರೆದುಕೊಡಬಹುದು.

ಅಷ್ಟರಲ್ಲಿ ಭಾದ್ರಪದ ಬರುತ್ತದೆ. ದಶಲಕ್ಷಣ ಪರ್ವದಲ್ಲಿ ಏಕಾಶನ, ಅನಂತ ಚತುರ್ದಶಿಗೆ ಉಪವಾಸ. ಗುಳಿಗೆ ಮಾತ್ರ ಹೆಚ್ಚಿಸಿದ ಪ್ರಮಾಣದ್ದು. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಜಾತಿಯವು ಉಂಡರೂ ಉಣ್ಣದಿದ್ದರೂ ದೇಹದಿಂದ ಇನ್ಸುಲಿನ್ ಹೊರಡಿಸುತ್ತವೆ, ಪ್ರಭಾವ ಸುಮಾರು ಒಂದು ದಿನ. ಸಕ್ಕರೆ 70ಕ್ಕಿಂತ ಇಳಿದರೆ ಕೈನಡುಕ, ತಣ್ಣನೆ ಬೆವರು. ತೀರ ಇಳಿದರೆ ಎಚ್ಚರವೇ ತಪ್ಪುತ್ತದೆ. ಬಸದಿಯಲ್ಲಿ ಕುಸಿದರೆ ಸುತ್ತಲಿನವರು ಉಪವಾಸದ ನಿತ್ರಾಣವೆಂದುಕೊಂಡು ಗಾಳಿ ಬೀಸುತ್ತಾರೆ.

ಇನ್ಸುಲಿನ್ ಸೂಜಿಯ ಕಥೆಯೂ ಹೀಗೆಯೇ. ಹಿಂದೆ ಅದನ್ನು ಹಂದಿ, ದನಗಳ ಗ್ರಂಥಿಯಿಂದ ತೆಗೆಯುತ್ತಿದ್ದರು. ಆ ಕಾರಣಕ್ಕೆ ಬೇಡವೆಂದವರು ವೈದ್ಯರ ಕಣ್ಣಿಗೆ ಸೂಜಿಗೆ ಹೆದರುವವರಾಗಿ ಕಂಡರು. 1982ರಲ್ಲಿ ಬ್ಯಾಕ್ಟೀರಿಯಾದಿಂದ ತಯಾರಿಸಿದ ಇನ್ಸುಲಿನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಯೀಸ್ಟ್‌ನಿಂದ ತಯಾರಿಸಿದ್ದನ್ನು ಮಾರುಕಟ್ಟೆಗೆ ತಂದಿತು. (ಯೀಸ್ಟ್ ನಮಗೆ ಸಲ್ಲುವುದೇ ಎಂಬುದು ತ್ಯಾಗಿಗಳ ಬಳಿ ಕೇಳಬೇಕಾದ ಮಾತು.) ಬೇಡವೆನ್ನುವ ಕಾರಣವನ್ನು ಬಾಯಿಬಿಟ್ಟು ಹೇಳಿದವರಿಗಷ್ಟೇ ಈ ಉತ್ತರ ಸಿಕ್ಕೀತು.

ವಿಚಿತ್ರವೆಂದರೆ, ನಿಯಮ ಕೊಡುವ ತ್ಯಾಗಿಗಳ ಮುಂದೆ ನಾವು ಕಾಯಿಲೆಯನ್ನೂ ಮುಚ್ಚಿಡುತ್ತೇವೆ. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಶಕ್ತಿಗೆ ತಕ್ಕಂತೆ ಎಂದೇ ಹೇಳಿರುವುದು ಅವರಿಗೆ ಗೊತ್ತಿಲ್ಲದ್ದೇ?

ಪರ್ವಕ್ಕೆ ಹದಿನೈದು ದಿನ ಮೊದಲೇ ದವಾಖಾನೆಗೆ ಹೋಗಬೇಕು. ತಾವಾಗಿಯೇ ಗುಳಿಗೆಯನ್ನಾಗಲಿ ಇನ್ಸುಲಿನ್ನನ್ನಾಗಲಿ ನಿಲ್ಲಿಸಕೂಡದು. ಕೊನೆಯ ಊಟ ಎಷ್ಟು ಗಂಟೆಗೆ, ಯಾವ ದಿನ ಉಪವಾಸ, ಯಾವ ಗುಳಿಗೆ ನುಂಗಿಲ್ಲ ಎಂಬುದನ್ನು ಅವ್ವನೇ ಹೇಳಲಿ, ಮಗ ಮರಾಠಿಗೆ ತಿರುಗಿಸಲಿ. ಸಕ್ಕರೆ ಎಷ್ಟಕ್ಕೆ ಇಳಿದರೆ ತಡಮಾಡದೆ ಪಾರಣೆ ಮಾಡಬೇಕೆಂಬ ಅಂಕಿಯನ್ನು ವೈದ್ಯರ ಕೈಯಿಂದಲೇ ಬರೆಸಿಕೊಂಡು, ಗ್ಲೂಕೋಸ್ ಪುಡಿಯ ಡಬ್ಬಿಯ ಮೇಲೆ ಅಂಟಿಸಿ, ಮನೆಯವರಿಗೆಲ್ಲ ತೋರಿಸಿಡಬೇಕು.